ಪರದೇಶದಲ್ಲಿ ಪೆಟ್ಟಾದಾಗ: ನೋವು ಮುಚ್ಚಿಡುವುದು ಸಹನೆಯಲ್ಲ



ಏಪ್ರಿಲ್ ಬಂತೆಂದರೆ ನಮ್ಮ ಮನೆಗಳಲ್ಲಿ ಸೂಟ್‌ಕೇಸುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಮಕ್ಕಳ ಶಾಲೆಗೆ ರಜೆ. ಗಂಡ ದುಬೈಯಲ್ಲಿದ್ದರೆ ಅಲ್ಲಿಗೆ, ಮಗ ದೋಹಾದಲ್ಲಿದ್ದರೆ ಅಲ್ಲಿಗೆ, ಅಲ್ಲಾಹನು ಭಾಗ್ಯ ಕೊಟ್ಟರೆ ಉಮ್ರಾಕ್ಕೆ. ಉಪ್ಪಿನಕಾಯಿ, ಹಪ್ಪಳ, ಹಲ್ವ, ಮೊಮ್ಮಕ್ಕಳಿಗೆ ಹೊಸ ಬಟ್ಟೆ ಎಲ್ಲವನ್ನೂ ನಾವು ನೆನಪಿಟ್ಟು ಕಟ್ಟುತ್ತೇವೆ. ಆದರೆ ಅಲ್ಲಿ ಹೋಗಿ ಕಾಲು ಜಾರಿ ಬಿದ್ದರೆ ಏನು ಮಾಡಬೇಕು ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಹೊರಡುವಾಗ ಅಂಥ ಮಾತು ಆಡುವುದೇ ಅಪಶಕುನ ಎಂದು ಕೆಲವರು ಬಾಯಿ ಮುಚ್ಚಿಸುತ್ತಾರೆ. ಇಸ್ಲಾಮಿನಲ್ಲಿ ಅಪಶಕುನಕ್ಕೆ ಜಾಗವಿಲ್ಲ, ಮುಂಜಾಗ್ರತೆಗೆ ಜಾಗವಿದೆ. ಅದನ್ನು ನಾನು ನನ್ನ ಉಮ್ಮನ ಬಲಗೈಯಿಂದ ಕಲಿತೆ. ಆ ಪಾಠ ನಿಮಗೆ ಅಷ್ಟು ದುಬಾರಿಯಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಡಗೈಯ ತುತ್ತು

2023ರ ಮೇ ತಿಂಗಳು. ನನ್ನ ಶಾಲೆಗೆ ರಜೆ ಇತ್ತು. ಅರುವತ್ತೆಂಟು ವರ್ಷದ ಉಮ್ಮ ಮತ್ತು ನಾನು ಉಮ್ರಾಕ್ಕೆ ಹೋಗಿದ್ದೆವು. ಜಿದ್ದಾದಲ್ಲಿ ಕೆಲಸ ಮಾಡುವ ನನ್ನ ತಮ್ಮ ಒಂದು ವಾರದ ರಜೆ ಹಾಕಿ ನಮ್ಮ ಜೊತೆ ಮಕ್ಕಾಕ್ಕೆ ಬಂದಿದ್ದ. ಉಮ್ರಾ ಚೆನ್ನಾಗಿ ಮುಗಿಯಿತು. ಮೂರನೆಯ ದಿನ ಸುಬ್‌ಹಿ ನಮಾಝಿಗೆ ಮೊದಲು ಉಮ್ಮ ವುಝೂ ಮಾಡಲು ಹೊಟೇಲಿನ ಬಾತ್‌ರೂಮಿಗೆ ಹೋದರು. ನುಣುಪು ಕಲ್ಲಿನ ನೆಲ, ಅದರ ಮೇಲೆ ನೀರು. ಒಳಗೆ ಏನೋ ಬಿದ್ದ ಸದ್ದು ಕೇಳಿ ನಾನು ಕೂಗಿದೆ. "ಏನಿಲ್ಲ ಮಗಳೇ, ಬಕೆಟ್ ಜಾರಿತು" ಎಂದರು.

ನಾನು ನಂಬಿದೆ. ಹರಮಿಗೆ ಹೋದೆವು, ನಮಾಝ್ ಮಾಡಿದೆವು. ನಮಾಝಿನ ಬಟ್ಟೆಯ ಒಳಗೆ ಅವರ ಕೈ ಇದ್ದುದರಿಂದ ನನಗೆ ಏನೂ ಕಾಣಲಿಲ್ಲ. ಬೆಳಿಗ್ಗೆ ಏಳೂವರೆಗೆ ನಾಷ್ಟಾಕ್ಕೆ ಕುಳಿತಾಗ ಉಮ್ಮ ರೊಟ್ಟಿಯನ್ನು ಎಡಗೈಯಲ್ಲಿ ಮುರಿದು ಎಡಗೈಯಲ್ಲೇ ಬಾಯಿಗಿಟ್ಟರು. ನಾನು ಬೆಚ್ಚಿದೆ. ನಾವು ಚಿಕ್ಕವರಿದ್ದಾಗ ಎಡಗೈಗೆ ತುತ್ತು ಹೋದರೆ ಮೊಟಕುತ್ತಿದ್ದವರು ಅವರು. ಜೀವಮಾನದಲ್ಲಿ ಒಂದು ಲೋಟ ನೀರನ್ನೂ ಎಡಗೈಯಲ್ಲಿ ಕುಡಿದವರಲ್ಲ. ಬುರ್ಖಾದ ತೋಳು ಸರಿಸಿ ನೋಡಿದರೆ ಮಣಿಕಟ್ಟು ಬಾತುಕೊಂಡು ಸೊಟ್ಟಗಾಗಿತ್ತು. ಅದರ ಮೇಲೆ, ನಮ್ಮ ತಂದೆ ಮಾಡಿಸಿಕೊಟ್ಟ ಎರಡು ಚಿನ್ನದ ಬಳೆಗಳು ಮಾಂಸದೊಳಗೆ ಕಚ್ಚಿಕೊಂಡಿದ್ದವು.

ಇಲ್ಲಿಯವರೆಗಿನದು ಉಮ್ಮನ ತಪ್ಪು ಎಂದು ನೀವು ಹೇಳಬಹುದು. ಇನ್ನು ಮುಂದಿನದು ನನ್ನದು. ನಮ್ಮ ಪಕ್ಕದ ಕೋಣೆಯಲ್ಲಿದ್ದ ಹಿರಿಯ ಹೆಂಗಸೊಬ್ಬರು ನೋಡಿ, "ಬೆರಳು ಅಲ್ಲಾಡುತ್ತಿದೆಯಲ್ಲ, ಮೂಳೆ ಮುರಿದಿಲ್ಲ, ಬರೀ ಉಳುಕು. ಎಣ್ಣೆ ಹಾಕಿ ತಿಕ್ಕಿ ಬಿಗಿಯಾಗಿ ಕಟ್ಟಿ, ಸಂಜೆಗೆ ಸರಿಹೋಗುತ್ತದೆ" ಎಂದರು. ಅವರದು ಒಳ್ಳೆಯ ಮನಸ್ಸು. ಬಿ.ಎ. ಓದಿದ, ನೂರಾರು ಮಕ್ಕಳಿಗೆ ಪಾಠ ಹೇಳಿದ ನಾನೂ ತಲೆಯಾಡಿಸಿದೆ. ಉಮ್ಮನೂ "ಝಂಝಂ ಕುಡಿದಿದ್ದೇನೆ, ಶಿಫಾ ಆಗುತ್ತದೆ, ತಮ್ಮನಿಗೆ ಹೇಳಬೇಡ" ಎಂದರು. ನಾನೇ ಎಣ್ಣೆ ತಿಕ್ಕಿದೆ. ನಾನೇ ದುಪಟ್ಟಾ ಹರಿದು ಬಿಗಿಯಾಗಿ ಕಟ್ಟಿದೆ. ಇಶಾದ ಹೊತ್ತಿಗೆ ಬೆರಳುಗಳು ನೀಲಿಗಟ್ಟಿ ತಣ್ಣಗಾದವು. ಆಗ ತಮ್ಮನನ್ನು ಕರೆದೆ. ಅವನು ಒಂದು ಮಾತೂ ಆಡದೆ ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಮೊದಲು ನನ್ನ ಕಟ್ಟು ಬಿಚ್ಚಿದರು. ನಂತರ ಸಣ್ಣ ಕತ್ತರಿಯಂಥ ಉಪಕರಣದಿಂದ ಎರಡೂ ಬಳೆಗಳನ್ನು ಕತ್ತರಿಸಿದರು. ಬಳೆ ತುಂಡಾದಾಗ ಉಮ್ಮ ಅತ್ತರು. ಮೂಳೆ ಮುರಿದ ನೋವಿಗೆ ಅವರು ಅತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಮುರಿದು ಸ್ಥಾನ ತಪ್ಪಿರುವುದು ಕಂಡಿತು. ವೈದ್ಯರು ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆಯಿಂದ ಏಕೆ ಕಾದಿರಿ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಏಕೆ ಮುಚ್ಚಿಟ್ಟರು?

ಆ ರಾತ್ರಿ ಉಮ್ಮನನ್ನು ನಾನು ಇದೇ ಪ್ರಶ್ನೆ ಕೇಳಿದೆ. ಅವರು ಮೂರು ಕಾರಣ ಹೇಳಿದರು. ಒಂದು, ನಮ್ಮ ಇಬಾದತ್ ಕೆಡುತ್ತದೆ. ಎರಡು, ಪರದೇಶದ ಆಸ್ಪತ್ರೆ, ಮಗನಿಗೆ ಎಷ್ಟು ರಿಯಾಲ್ ಖರ್ಚಾಗುತ್ತದೋ. ಮೂರು, ಗಂಡಸು ಡಾಕ್ಟರ್ ಕೈ ಮುಟ್ಟಿದರೆ. ಇವೆಲ್ಲದರ ಮೇಲೆ, "ಅಲ್ಲಾಹನ ಮನೆಯ ಹತ್ತಿರ ಬಂದು ನೋವು ನೋವು ಎನ್ನಬಾರದು, ಸಬ್‌ರ್ ಮಾಡಬೇಕು" ಎಂದರು.

ಸಹೋದರಿಯರೇ, ಈ ಕಾರಣಗಳು ನಮ್ಮ ಉಮ್ಮ ಒಬ್ಬರದೇ ಅಲ್ಲ. ನಿಮ್ಮ ಅತ್ತೆ, ನಿಮ್ಮ ಅಜ್ಜಿ, ನಾಳೆ ನೀವೂ ಇದನ್ನೇ ಹೇಳುತ್ತೀರಿ. ಮನೆಯ ಎಲ್ಲರ ಜ್ವರಕ್ಕೂ ಎದ್ದು ಕೂರುವ ಹೆಂಗಸು ತನ್ನ ನೋವನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಅದಕ್ಕೆ ಸಬ್‌ರ್ ಎಂದು ಹೆಸರಿಡುತ್ತೇವೆ. ಆದರೆ ಸಬ್‌ರ್ ಎಂದರೆ ಅದೇ ಏನು?

ಅಯ್ಯೂಬ್(ಅ)ರನ್ನು ಕುರ್‌ಆನ್ ಸಹನಶೀಲರೆಂದು ಹೊಗಳಿದೆ. ಅದೇ ಕುರ್‌ಆನ್, ಅವರು ತನಗೆ ಸಂಕಷ್ಟ ತಟ್ಟಿದೆಯೆಂದು ತನ್ನ ಪ್ರಭುವಿನಲ್ಲಿ ಮೊರೆಯಿಟ್ಟರೆಂದೂ ಹೇಳಿದೆ. ಹ. ಆಯಿಶಾ(ರ) ಒಮ್ಮೆ ತಲೆನೋವೆಂದು ಪ್ರವಾದಿ(ಸ)ರ ಮುಂದೆ ನರಳಿದಾಗ ಅವರು ಗದರಲಿಲ್ಲ. ತನ್ನ ತಲೆಯೂ ನೋಯುತ್ತಿದೆಯೆಂದು ತಾವೂ ಹೇಳಿಕೊಂಡರು. ಬುಖಾರಿಯಲ್ಲಿ ಈ ಪ್ರಸಂಗವಿದೆ. ಅಲ್ಲಾಹನ ತೀರ್ಮಾನದ ಬಗ್ಗೆ ಗೊಣಗುವುದು ಬೇರೆ, ನೋವಾಗುತ್ತಿದೆ ಎಂದು ತನ್ನವರಿಗೆ ತಿಳಿಸುವುದು ಬೇರೆ. ಎರಡನೆಯದು ಸಬ್‌ರಿಗೆ ವಿರುದ್ಧವಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿ(ಸ) ಅನುಚರರಿಗೆ ಆದೇಶಿಸಿದ್ದಾರೆ. ಝಂಝಂ ಕುಡಿದು ದುಆ ಮಾಡೋಣ, ಎಕ್ಸ್‌ರೇಯನ್ನೂ ತೆಗೆಸೋಣ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂದು ಕಲಿಸಿದ ದೀನ್ ನಮ್ಮದು.

ಪ್ರಯಾಣದಲ್ಲಿ ಗಾಯಗೊಂಡ ಒಬ್ಬ ಸಹಾಬಿ

ಮದ್ರಸದಲ್ಲಿ ನಾನು ಎಷ್ಟೋ ಸಲ ಓದಿದ್ದ ಒಂದು ಹದೀಸ್ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನೆನಪಾಯಿತು. ಹ. ಜಾಬಿರ್(ರ) ವರದಿ ಮಾಡಿದ್ದು, ಅಬೂದಾವೂದ್‌ನಲ್ಲಿದೆ. ಕೆಲವು ಸಹಾಬಿಗಳು ಪ್ರಯಾಣದಲ್ಲಿದ್ದಾಗ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಅವರಿಗೆ ನಿದ್ದೆಯಲ್ಲಿ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರು ಇರುವಾಗ ರಿಯಾಯಿತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಆ ಗಾಯಾಳು ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ) ಬಹಳ ನೊಂದರು. ಆ ಜೊತೆಗಾರರೇ ಅವನನ್ನು ಕೊಂದರೆಂದು ಕಟುವಾಗಿ ಹೇಳಿದರು. ಗೊತ್ತಿಲ್ಲದಿದ್ದಾಗ ಕೇಳಬೇಕಿತ್ತು, ಅಜ್ಞಾನದ ರೋಗಕ್ಕೆ ಕೇಳುವುದೇ ಮದ್ದು ಎಂದು ತಿಳಿಸಿದರು.

ಪಕ್ಕದ ಕೋಣೆಯ ಹಿರಿಯಾಕೆ ಮತ್ತು ನಾನು ಮಾಡಿದ್ದೂ ಇದನ್ನೇ ಅಲ್ಲವೇ? ಗೊತ್ತಿಲ್ಲದೆ ತೀರ್ಪು ಕೊಟ್ಟೆವು. ನೂರು ಹೆಜ್ಜೆಗೊಂದು ಸಹಾಯಕೇಂದ್ರವಿರುವ ಊರಿನಲ್ಲಿ ಯಾರನ್ನೂ ಕೇಳಲಿಲ್ಲ.

ಮೊದಲ ಅರ್ಧ ಗಂಟೆ

ಆಮೇಲೆ ವೈದ್ಯರಿಂದಲೂ ದಾದಿಯರಿಂದಲೂ ನಾನು ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಇದು ಮಕ್ಕಾಕ್ಕೂ ಸರಿ, ದುಬೈಗೂ ಸರಿ, ನಿಮ್ಮ ಮನೆಯ ಬಚ್ಚಲಿಗೂ ಸರಿ.

ಕೈಗೆ ಪೆಟ್ಟಾದರೆ ಮೊದಲ ಕೆಲಸ, ಬಳೆ, ಉಂಗುರ, ವಾಚು ತೆಗೆಯುವುದು. ಬಾವು ಬರುವ ಮೊದಲು ಸಾಬೂನು ಹಚ್ಚಿದರೆ ಜಾರಿ ಬರುತ್ತವೆ, ಬಾವು ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಕಾಲಿಗಾದರೆ ಚಪ್ಪಲಿ, ಕಾಲುಂಗುರ, ಗೆಜ್ಜೆ.

ಎಣ್ಣೆ ತಿಕ್ಕಬೇಡಿ, ಎಳೆಯಬೇಡಿ, ನೆಟ್ಟಗೆ ಮಾಡಲು ಹೋಗಬೇಡಿ. ಬೆರಳು ಅಲ್ಲಾಡುತ್ತದೆ ಎಂದ ಮಾತ್ರಕ್ಕೆ ಮೂಳೆ ಮುರಿದಿಲ್ಲ ಎಂದು ಹೇಳಲಾಗದು. ಮಣಿಕಟ್ಟು ಮುರಿದವರೂ ಬೆರಳು ಅಲ್ಲಾಡಿಸುತ್ತಾರೆ.

ಪೆಟ್ಟಾದ ಭಾಗ ಅಲುಗದಂತೆ ಆಸರೆ ಕೊಡಿ. ದಪ್ಪಗೆ ಮಡಚಿದ ಪತ್ರಿಕೆಯೋ ರಟ್ಟೋ ಸಾಕು. ಅದರ ಮೇಲೆ ಕೈಯಿಟ್ಟು ಸಡಿಲವಾಗಿ ಸುತ್ತಿ, ದುಪಟ್ಟಾವನ್ನು ಕುತ್ತಿಗೆಗೆ ಜೋಳಿಗೆಯಂತೆ ಕಟ್ಟಿ ಕೈಯನ್ನು ಎದೆಯ ಮಟ್ಟದಲ್ಲಿ ಇಡಿ. ಕಟ್ಟಿದ ಮೇಲೆ ಆಗಾಗ ಬೆರಳ ತುದಿ ನೋಡಿ. ಬೆರಳು ಬಿಳಿಚಿದರೆ, ನೀಲಿಗಟ್ಟಿದರೆ, ತಣ್ಣಗಾದರೆ, ಜುಮ್ಮೆಂದರೆ ಕಟ್ಟು ಬಿಗಿಯಾಗಿದೆ ಎಂದರ್ಥ. ಕೂಡಲೇ ಸಡಿಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ನೇರವಾಗಿ ಚರ್ಮಕ್ಕೆ ಇಡಬೇಡಿ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ತೆಗೆದು ನೋಡಬೇಡಿ. ಉಹುದ್ ಯುದ್ಧದಲ್ಲಿ ಪ್ರವಾದಿ(ಸ)ರ ಮುಖಕ್ಕೆ ಗಾಯವಾದಾಗ ಹ. ಅಲಿ(ರ) ಗುರಾಣಿಯಲ್ಲಿ ನೀರು ತಂದರು, ಹ. ಫಾತಿಮಾ(ರ) ತೊಳೆದರು. ನೀರಿನಿಂದ ರಕ್ತ ನಿಲ್ಲದಿದ್ದಾಗ ಚಾಪೆಯ ತುಂಡು ಸುಟ್ಟು ಆ ಬೂದಿಯನ್ನು ಒತ್ತಿದರು. ಅಂದು ಅವರ ಕೈಗೆ ಸಿಕ್ಕಿದ ಉತ್ತಮ ಸಾಧನ ಅದಾಗಿತ್ತು. ಇಂದು ನಮ್ಮ ಕೈಗೆ ಸಿಗುವುದು ಶುಭ್ರ ಬ್ಯಾಂಡೇಜು, ಅದನ್ನೇ ಬಳಸೋಣ. ಬೂದಿ, ಕಾಫಿಪುಡಿ, ಅರಿಶಿನ ಗಾಯಕ್ಕೆ ತುಂಬುವುದು ಬೇಡ. ಆದರೆ ಗಾಬರಿಯಾಗದೆ ಕೈಯಾರೆ ಕೆಲಸಕ್ಕಿಳಿದ ಆ ಮಗಳ ಧೈರ್ಯ ಮಾತ್ರ ನಮಗೆ ಬೇಕು.

ವಯಸ್ಸಾದವರು ಬಿದ್ದು ಎದ್ದು ನಿಲ್ಲಲಾಗದಿದ್ದರೆ, ಒಂದು ಕಾಲು ಗಿಡ್ಡವಾದಂತೆ ಹೊರಕ್ಕೆ ತಿರುಗಿದ್ದರೆ, ಸೊಂಟದ ಮೂಳೆ ಮುರಿದಿರಬಹುದು. ನಾಲ್ಕು ಜನ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸಬೇಡಿ. ಇದ್ದಲ್ಲೇ ಮಲಗಿಸಿ, ಹೊದಿಸಿ, ಅಂಬ್ಯುಲೆನ್ಸ್ ಕರೆಯಿರಿ.

ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಮಾತು ತೊದಲುವುದು, ಹೆಚ್ಚುತ್ತಿರುವ ತಲೆನೋವು ಕಂಡರೆ ನಿದ್ದೆ ಮಾಡಲಿ ಎಂದು ಬಿಡಬೇಡಿ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ಹೊರಗೆ ಗಾಯ ಕಾಣದಿದ್ದರೂ ತಲೆಯ ಪೆಟ್ಟಿಗೆ ಆಸ್ಪತ್ರೆಗೆ ಹೋಗಲೇಬೇಕು. ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ.

ಈ ನಂಬರುಗಳನ್ನು ಅಡುಗೆಮನೆಯ ಗೋಡೆಗೂ ಮೊಬೈಲಿಗೂ ಹಾಕಿಕೊಳ್ಳಿ. ಸೌದಿಯಲ್ಲಿ ರೆಡ್ ಕ್ರೆಸೆಂಟ್ ಅಂಬ್ಯುಲೆನ್ಸ್ 997, ಮಕ್ಕಾ ಮತ್ತು ರಿಯಾದ್ ಪ್ರಾಂತಗಳಲ್ಲಿ ಎಲ್ಲ ತುರ್ತು ಕರೆಗೆ 911. ಯುಎಇಯಲ್ಲಿ ಅಂಬ್ಯುಲೆನ್ಸ್ 998. ಕತಾರ್ ಮತ್ತು ಬಹರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ಮಕ್ಕಾದಲ್ಲಿ ಹರಮಿನ ಪಕ್ಕದಲ್ಲೇ ಅಜ್ಯಾದ್ ತುರ್ತು ಆಸ್ಪತ್ರೆ ಇದೆ ಎಂಬುದೂ ನೆನಪಿರಲಿ.

ಭಾಷೆ, ಪರದೆ, ಹಣ

ನಾನು ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿತವಳು. ಆದರೆ ಆ ರಾತ್ರಿ ಕೌಂಟರಿನಲ್ಲಿ ನಿಂತಾಗ ಕಿತಾಬಿನ ಅರಬಿ ನಾಲಿಗೆಗೆ ಬರಲಿಲ್ಲ. ಬಂದ ನಾಲ್ಕು ಮಾತು ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಕೇರಳದ ದಾದಿಯೊಬ್ಬರು ಬಂದು ನಮ್ಮ ಬ್ಯಾರಿ ಮಾತನ್ನೂ ಅವರ ಮಲಯಾಳವನ್ನೂ ಕೂಡಿಸಿ ವಿಷಯ ತಿಳಿದುಕೊಂಡರು. ಗಲ್ಫ್ ಆಸ್ಪತ್ರೆಗಳಲ್ಲಿ ಮಲಯಾಳಿ ದಾದಿಯರು ಬಹಳ. ಉರ್ದು, ಹಿಂದಿ ಬಲ್ಲವರೂ ಸಿಗುತ್ತಾರೆ. ನಾಚಿಕೆ ಬಿಟ್ಟು ಕೇಳಿ. ಆದರೂ ಐದಾರು ಪದ ಗೊತ್ತಿದ್ದರೆ ಒಳ್ಳೆಯದು: ತವಾರಿ ಎಂದರೆ ತುರ್ತು ವಿಭಾಗ, ಇಸ್‌ಆಫ್ ಎಂದರೆ ಅಂಬ್ಯುಲೆನ್ಸ್, ಅಲಮ್ ಎಂದರೆ ನೋವು, ಕಸ್‌ರ್ ಎಂದರೆ ಮೂಳೆ ಮುರಿತ, ಸುಕ್ಕರಿ ಎಂದರೆ ಸಕ್ಕರೆ ಕಾಯಿಲೆ, ತಬೀಬಾ ಎಂದರೆ ವೈದ್ಯೆ.

ತಬೀಬಾ ಬೇಕು ಎಂದು ಕೇಳುವುದು ನಿಮ್ಮ ಹಕ್ಕು, ಕೇಳಿ. ಇದ್ದರೆ ಸಂತೋಷ. ಇಲ್ಲದಿದ್ದರೆ? ಅಗತ್ಯ ಬಿದ್ದಾಗ ಪುರುಷ ವೈದ್ಯರು ಬೇಕಾದಷ್ಟು ಭಾಗವನ್ನು ಮಾತ್ರ ನೋಡಿ ಚಿಕಿತ್ಸೆ ಮಾಡುವುದಕ್ಕೆ ನಮ್ಮ ಫುಕಹಾಗಳು ಅನುಮತಿ ಕೊಟ್ಟಿದ್ದಾರೆ. ಜೊತೆಯಲ್ಲಿ ಮಹ್‌ರಮ್ ಅಥವಾ ಇನ್ನೊಬ್ಬ ಹೆಂಗಸು ಇರಲಿ. ಪರದೆಯ ಹೆಸರಿನಲ್ಲಿ ಕೈ ಕಳೆದುಕೊಳ್ಳಿ ಎಂದು ಶರೀಅತ್ ಹೇಳಿಲ್ಲ.

ಹಣದ ಭಯದ ವಿಷಯ. ಸೌದಿಯ ಉಮ್ರಾ ವೀಸಾದ ಶುಲ್ಕದಲ್ಲೇ ತುರ್ತು ಚಿಕಿತ್ಸೆಯ ವಿಮೆ ಸೇರಿರುತ್ತದೆ. ನಮ್ಮ ಉಮ್ಮ ರಿಯಾಲ್ ಲೆಕ್ಕ ಹಾಕಿ ನೋವು ನುಂಗುತ್ತಿದ್ದಾಗ ಆ ವಿಮೆ ನಮ್ಮ ಹೆಸರಿನಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ವೀಸಾ ಕೈಗೆ ಬಂದ ದಿನವೇ ಏಜೆಂಟರನ್ನು ಕೇಳಿ, ವಿಮೆಯ ಕಾಗದವನ್ನು ಪ್ರಿಂಟ್ ತೆಗೆಸಿಕೊಳ್ಳಿ. ಬೇರೆ ದೇಶಕ್ಕೆ ವಿಸಿಟ್ ವೀಸಾದಲ್ಲಿ ಹೋಗುವವರು ವಿಮೆ ಇದೆಯೇ, ಎಷ್ಟರವರೆಗೆ, ಯಾವ ಆಸ್ಪತ್ರೆಯಲ್ಲಿ ಎಂದು ಮೊದಲೇ ತಿಳಿದುಕೊಳ್ಳಿ. ಮೊದಲಿನಿಂದ ಇದ್ದ ಕಾಯಿಲೆಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲ ಎಂಬುದೂ ಗೊತ್ತಿರಲಿ. ಬಿಲ್ಲು, ವೈದ್ಯರ ವರದಿ, ಎಕ್ಸ್‌ರೇ ಇವುಗಳಲ್ಲಿ ಒಂದನ್ನೂ ಬಿಡದೆ ತನ್ನಿ. ಊರಿನ ವೈದ್ಯರಿಗೆ ಮೊದಲು ಬೇಕಾಗುವುದು ಅದೇ.

ಯಾವ ದಾರಿಯೂ ಕಾಣದವರಿಗೆ ಭಾರತದ ರಾಯಭಾರಿ ಕಚೇರಿ ಇದೆ. ಮಕ್ಕಾ, ಮದೀನಾಗಳಿಗೆ ಹತ್ತಿರದ್ದು ಜಿದ್ದಾದ ಕಾನ್ಸುಲೇಟ್. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬ ನಿಧಿಯಿಂದ, ನಿಜವಾಗಿ ಗತಿಯಿಲ್ಲದವರಿಗೆ ತುರ್ತು ಚಿಕಿತ್ಸೆಗೂ ನೆರವು ಸಿಗಬಹುದು. ಇದು ಭಿಕ್ಷೆಯಲ್ಲ, ಹೊರದೇಶದಲ್ಲಿ ಕಷ್ಟಕ್ಕೆ ಸಿಲುಕಿದ ಭಾರತೀಯರಿಗೆಂದೇ ಇಟ್ಟ ಹಣ.

ಇನ್ನೊಂದು ಎಚ್ಚರಿಕೆ. ಇಲ್ಲಿಂದ ನೋವಿನ ಮಾತ್ರೆಗಳನ್ನು ಪೊಟ್ಟಣ ಕಟ್ಟಿಕೊಂಡು ಹೋಗಬೇಡಿ. ಟ್ರಮಡಾಲ್, ಕೊಡೀನ್ ಇರುವ ಔಷಧಗಳು ಗಲ್ಫ್ ದೇಶಗಳಲ್ಲಿ ನಿಯಂತ್ರಿತ ವಸ್ತುಗಳು, ಜೈಲಿನವರೆಗೆ ಹೋಗಬಹುದು. ನಿಮ್ಮ ನಿತ್ಯದ ಮಾತ್ರೆಗಳನ್ನು ಚೀಟಿಯ ಸಮೇತ, ಮೂಲ ಪ್ಯಾಕಿನಲ್ಲೇ ಒಯ್ಯಿರಿ.

ಪ್ಲಾಸ್ಟರ್ ಹಾಕಿದ ಕೈಯಲ್ಲಿ ವುಝೂ, ವೀಲ್‌ಚೇರಿನಲ್ಲಿ ತವಾಫ್

ಪ್ಲಾಸ್ಟರ್ ಹಾಕಿದ ಕೂಡಲೇ ಉಮ್ಮನ ಮೊದಲ ಪ್ರಶ್ನೆ, "ಇನ್ನು ನಮಾಝ್ ಹೇಗೆ?" ಎಷ್ಟೋ ಸಹೋದರಿಯರು ಈ ಗೊಂದಲದಲ್ಲಿ ನಮಾಝ್ ಬಿಡುತ್ತಾರೆ, ಇಲ್ಲವೇ ಪ್ಲಾಸ್ಟರನ್ನು ಒದ್ದೆ ಮಾಡಿ ಹಾಳು ಮಾಡುತ್ತಾರೆ. ಎರಡೂ ಬೇಡ. ಆರೋಗ್ಯದ ಭಾಗವನ್ನು ತೊಳೆದು, ಪ್ಲಾಸ್ಟರಿನ ಮೇಲೆ ಒದ್ದೆ ಕೈಯಿಂದ ಸವರಬೇಕು. ಹನಫಿ ಮದ್‌ಹಬಿನಲ್ಲಿ ಇಷ್ಟು ಸಾಕು. ಕರಾವಳಿಯ ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಇದರ ಜೊತೆಗೆ ತಯಮ್ಮುಮ್ ಕೂಡ ಮಾಡಬೇಕು. ಪ್ಲಾಸ್ಟರ್ ಕೈಗೆ ಇದ್ದಾಗ ಆ ನಮಾಝ್‌ಗಳನ್ನು ಮುಂದೆ ಮರಳಿ ಮಾಡಬೇಕೇ ಎಂಬ ವಿವರವೂ ಇದೆ. ನಿಮ್ಮ ಉಸ್ತಾದರಿಗೆ ಒಂದು ಫೋನ್ ಮಾಡಿ ಕೇಳಿ. ಕೇಳುವುದೇ ಮದ್ದು ಎಂದು ಮೇಲೆ ಓದಿದೆವಲ್ಲ. ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ನಮಾಝ್ ಮಾಡಬಹುದು. ಹ. ಇಮ್ರಾನ್ ಬಿನ್ ಹುಸೈನ್(ರ) ತನ್ನ ಕಾಯಿಲೆಯನ್ನು ತಿಳಿಸಿದಾಗ ಪ್ರವಾದಿ(ಸ) ಕಲಿಸಿಕೊಟ್ಟ ಕ್ರಮ ಇದು.

ಎರಡನೆಯ ಪ್ರಶ್ನೆ, "ಹೋಗುವ ಮೊದಲು ಒಂದು ತವಾಫ್ ಸಿಗುತ್ತದೋ ಇಲ್ಲವೋ." ಆಗ ನಾನು ಅವರಿಗೆ ಹ. ಉಮ್ಮು ಸಲಮಾ(ರ)ರ ಕಥೆ ಹೇಳಿದೆ. ಹಜ್ಜ್ ಯಾತ್ರೆಯಲ್ಲಿ ಅವರು ತನಗೆ ಅನಾರೋಗ್ಯವೆಂದು ಪ್ರವಾದಿ(ಸ)ರಿಗೆ ಹೇಳಿಕೊಂಡರು. ಜನರ ಹಿಂದಿನಿಂದ ಸವಾರಿಯ ಮೇಲೆ ಕುಳಿತು ತವಾಫ್ ಮಾಡಲು ಪ್ರವಾದಿ(ಸ) ಅವರಿಗೆ ಹೇಳಿದರು. ಇಂದಿನ ವೀಲ್‌ಚೇರಿಗೆ ದಾರಿ ಮಾಡಿಕೊಟ್ಟವರು ಆ ಉಮ್ಮುಲ್ ಮುಅ್‌ಮಿನೀನ್. ಹ. ಝುಬೈರ್ ಬಿನ್ ಅಬ್ದುಲ್ ಮುತ್ತಲಿಬರ ಮಗಳು ದುಬಾಅ(ರ)ರದೂ ಹಾಗೆಯೇ. ಹಜ್ಜ್‌ಗೆ ಹೋಗಬೇಕೆಂದಿದ್ದೇನೆ, ಆದರೆ ಕಾಯಿಲೆ ಎಂದರು. ಎಲ್ಲಿ ನಾನು ತಡೆಯಲ್ಪಡುತ್ತೇನೋ ಅಲ್ಲೇ ಇಹ್ರಾಮ್ ಮುಗಿಯಲಿ ಎಂಬ ಷರತ್ತಿನೊಂದಿಗೆ ನಿಯ್ಯತ್ ಮಾಡಲು ಅವರಿಗೆ ಅನುಮತಿ ಸಿಕ್ಕಿತು. ಆರೋಗ್ಯ ಸರಿಯಿಲ್ಲದವರು ಉಮ್ರಾದ ನಿಯ್ಯತ್ ಮಾಡುವ ಮೊದಲು ಈ ಷರತ್ತಿನ ವಿಷಯವನ್ನು ಉಲಮಾಗಳಿಂದ ಕೇಳಿ ತಿಳಿಯಿರಿ. ಇಹ್ರಾಮಿನಲ್ಲಿದ್ದಾಗ ಗಾಯವಾದರೂ ಚಿಕಿತ್ಸೆಗೆ ಅಡ್ಡಿಯಿಲ್ಲ. ಪ್ರವಾದಿ(ಸ)ರೇ ಇಹ್ರಾಮಿನಲ್ಲಿರುವಾಗ ತಲೆಗೆ ಹಿಜಾಮಾ ಮಾಡಿಸಿಕೊಂಡಿದ್ದಾರೆ. ಸುಗಂಧವಿರುವ ಮುಲಾಮು ಬಳಸದಂತೆ ನೋಡಿಕೊಂಡರಾಯಿತು.

ಗಮನಿಸಿ ಸಹೋದರಿಯರೇ. ಉಮ್ಮು ಸಲಮಾ(ರ) ಹೇಳಿಕೊಂಡರು, ದಾರಿ ತೆರೆಯಿತು. ದುಬಾಅ(ರ) ಹೇಳಿಕೊಂಡರು, ದಾರಿ ತೆರೆಯಿತು. ಅವರು ಸಬ್‌ರ್ ಎಂದುಕೊಂಡು ಬಾಯಿ ಮುಚ್ಚಿ ಕುಳಿತಿದ್ದರೆ ಈ ರಿಯಾಯಿತಿಗಳು ನಮಗೆ ಅವರ ಮೂಲಕ ತಲುಪುತ್ತಿರಲಿಲ್ಲ. ಅವರು ಆಡಿದ ಒಂದು ಮಾತು ಇಂದಿನವರೆಗೂ ಸಾವಿರಾರು ಅಜ್ಜಿಯಂದಿರನ್ನು ಕಅಬಾದ ಸುತ್ತ ಸುತ್ತಿಸುತ್ತಿದೆ.

ಕೊನೆಯ ದಿನ ಉಮ್ಮ ಕೊರಳಿಗೆ ಕೈ ಕಟ್ಟಿಕೊಂಡು ವೀಲ್‌ಚೇರಿನಲ್ಲಿ ತವಾಫ್ ಮಾಡಿದರು. ತಮ್ಮ ತಳ್ಳಿದ, ನಾನು ಪಕ್ಕದಲ್ಲಿ ನಡೆದೆ.

ಮರಳುವ ವಿಮಾನ

ಹೊಸ ಪ್ಲಾಸ್ಟರ್ ಹಾಕಿದ ಕೂಡಲೇ ವಿಮಾನ ಹತ್ತಲಾಗದು. ಹಾರಾಟದಲ್ಲಿ ಬಾವು ಹೆಚ್ಚಿ ಪ್ಲಾಸ್ಟರ್ ಒಳಗೆ ಬಿಗಿಯಾಗಬಹುದು. ದೂರದ ಪ್ರಯಾಣಕ್ಕೆ ಸಾಮಾನ್ಯವಾಗಿ 48 ಗಂಟೆ ಕಳೆಯಬೇಕೆನ್ನುತ್ತಾರೆ. ಬೇಗ ಹೊರಡಲೇಬೇಕಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಳ್ಳಬೇಕಾಗುತ್ತದೆ. ವೈದ್ಯರಿಂದ ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ಪತ್ರ ಪಡೆಯಿರಿ, ವಿಮಾನ ಕಂಪನಿಗೆ ಮೊದಲೇ ತಿಳಿಸಿ ವೀಲ್‌ಚೇರ್ ಕೇಳಿ. ಕಾಲಿಗೆ ಪ್ಲಾಸ್ಟರ್ ಇದ್ದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಅವರು ಇದನ್ನು ವೈದ್ಯರೊಡನೆ ಮಾತಾಡದೆ ಟಿಕೆಟ್ ತೆಗೆಸಬಾರದು. ಹೆಚ್ಚು ನೀರು ಕುಡಿಯಿರಿ, ಅಲ್ಲಾಡಿಸಬಹುದಾದ ಬೆರಳುಗಳನ್ನು ಅಲ್ಲಾಡಿಸುತ್ತಿರಿ.

ಊರಿಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ಲಾಸ್ಟರ್ ಬಿಚ್ಚಿದರೆ ಕೈ ಗುಣವಾಯಿತು ಎಂದುಕೊಳ್ಳುತ್ತೇವೆ. ಆರು ವಾರ ಅಲುಗದ ಕೈ ಮರದ ತುಂಡಿನಂತಿರುತ್ತದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ನೋವಾದರೂ ದಿನವೂ ಮಾಡಬೇಕು. ಬಿದ್ದು ಮಣಿಕಟ್ಟು ಮುರಿದ ವಯಸ್ಸಾದ ಹೆಂಗಸರು ಮೂಳೆ ಸವೆತದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತಾ ಹೋಗುತ್ತದೆ. ಇಂದು ಮಣಿಕಟ್ಟಾದರೆ ನಾಳೆ ಸೊಂಟ.

ಹೊರಡುವ ಮುನ್ನ ಒಂದು ಮಾತು

ಉಮ್ಮನ ಕೈ ಗುಣವಾಗಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಪೂರ್ತಿಯಾಗಿ ಅಲ್ಲ. ಪತ್ತಿರಿ ಒತ್ತುವಾಗ ಕೈ ತಿರುಗುವುದಿಲ್ಲ, ಆ ಕೆಲಸ ಈಗ ನನ್ನದು. ಸುಜೂದಿನಲ್ಲಿ ಬಲ ಅಂಗೈ ಪೂರ್ತಿಯಾಗಿ ನೆಲಕ್ಕೆ ಊರುವುದಿಲ್ಲ. ಅದನ್ನು ನೋಡುವಾಗೆಲ್ಲ ಆ ಒಂದು ದಿನ ನನಗೆ ನೆನಪಾಗುತ್ತದೆ. ಪೆಟ್ಟು ಅಲ್ಲಾಹನ ವಿಧಿ. ಆದರೆ ಬೆಳಿಗ್ಗೆಯಿಂದ ರಾತ್ರಿಯವರೆಗಿನ ತಡ ನಮ್ಮ ಕೈಯಾರೆ ಆದದ್ದು.

ಆದ್ದರಿಂದ ಮುಂದಿನ ರಜೆಗೆ ಸೂಟ್‌ಕೇಸು ಕಟ್ಟುವಾಗ ಒಂದು ಸಣ್ಣ ಚೀಲವನ್ನೂ ಕಟ್ಟಿ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ವಿಮೆಯ ಕಾಗದ, ನಿತ್ಯದ ಮಾತ್ರೆಗಳ ಪಟ್ಟಿ, ರಕ್ತದ ಗುಂಪು, ಅಲ್ಲಿನ ಸಂಬಂಧಿಕರ ನಂಬರು, ಒಂದು ಬ್ಯಾಂಡೇಜಿನ ಸುರುಳಿ ಅದರಲ್ಲಿರಲಿ. ಬಾತ್‌ರೂಮಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ ಇಡಿ. ಪ್ರಯಾಣದಲ್ಲಿ ಕೈಯ ಚಿನ್ನವನ್ನು ಮನೆಯಲ್ಲೇ ಬಿಡಿ.

ಇವೆಲ್ಲದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊರಡುವ ಹಿಂದಿನ ರಾತ್ರಿ ನಿಮ್ಮ ಉಮ್ಮನ ಅಥವಾ ಅತ್ತೆಯ ಪಕ್ಕದಲ್ಲಿ ಕುಳಿತು ಹೇಳಿ: "ಅಲ್ಲಿ ಏನಾದರೂ ಆದರೆ ಆ ಕ್ಷಣವೇ ನನಗೆ ಹೇಳಬೇಕು. ನೀವು ಹೇಳುವುದರಿಂದ ನನಗೆ ತೊಂದರೆಯಿಲ್ಲ, ಮುಚ್ಚಿಟ್ಟರೆ ತೊಂದರೆ." ಅವರಿಂದ ಮಾತು ತೆಗೆದುಕೊಳ್ಳಿ. ನೀವೂ ನಿಮ್ಮ ಮಕ್ಕಳಿಗೆ ಅದೇ ಮಾತು ಕೊಡಿ.

ಕಳೆದ ತಿಂಗಳು ಒಂದು ರಾತ್ರಿ ಉಮ್ಮ ನನ್ನ ಬಾಗಿಲು ತಟ್ಟಿ, "ಮಗಳೇ, ಮೊಣಕಾಲು ನೋಯುತ್ತಿದೆ, ನಿದ್ದೆ ಬರುತ್ತಿಲ್ಲ" ಎಂದರು. ದೊಡ್ಡದೇನೂ ಇರಲಿಲ್ಲ. ಆದರೆ ಅವರು ಹೇಳಿದರಲ್ಲ ಎಂದು ನಾನು ಅಲ್ಲಾಹನನ್ನು ಸ್ತುತಿಸಿದೆ.

ಪ್ರಯಾಣದಲ್ಲಿರುವ ನಮ್ಮೆಲ್ಲರನ್ನೂ ಅಲ್ಲಾಹನು ಕಾಪಾಡಲಿ. ಗಾಯಗೊಂಡವರಿಗೆ ಪೂರ್ಣ ಶಿಫಾ ಕೊಡಲಿ. ಹೇಳುವ ಧೈರ್ಯವನ್ನೂ ಕೇಳುವ ಕಿವಿಯನ್ನೂ ನಮಗೆ ಕರುಣಿಸಲಿ. ಆಮೀನ್.